ಗಂಡಸರ ಕಾರ್ಡು, ಬೆಲ್ಲದ ಬಣ್ಣ

ಹೆಂಗಸರಿಗೆ ಶುಭಾಶಯದ ಕಾರ್ಡು ಮಾಡುವುದು ನನಗೆ ಎಂದೂ ಕಷ್ಟವಾಗಿಲ್ಲ. ಮಲ್ಲಿಗೆ ಬಳ್ಳಿಯ ಒಂದು ಮುದ್ರೆ ಒತ್ತಿ, ಎಲೆಗೆ ಎರಡು ಹನಿ ಹಸಿರು ಬಿಟ್ಟು, ಅಂಚಿಗೆ ಒಂದಿಷ್ಟು ಗುಲಾಬಿ ಬಣ್ಣ ಹರಡಿದರೆ ಮುಗಿಯಿತು. ಗಂಡಸರ ಕಾರ್ಡು ಅಂದರೆ ಮಾತ್ರ ತಲೆನೋವು. ಕಾರ್ಡು ಬೇಕು ಅಂತ ಬರುವವರು ಹೆಂಡತಿ, ಮಗಳು, ಇಲ್ಲವೇ ಅಕ್ಕತಂಗಿಯರು. ಆ ಗಂಡಸಿಗೆ ಏನು ಇಷ್ಟ ಅಂತ ಕೇಳಿದರೆ ಸೀಲಿಂಗ್ ಫ್ಯಾನು ನೋಡುತ್ತಾರೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸು "ಅವರಿಗೇನು, ಚಹಾ ಇಷ್ಟ" ಅಂತ ಹೇಳಿ ಸುಮ್ಮನಾಗುತ್ತಾಳೆ. ಚಹಾದ ಕಪ್ಪು ಬಸಿ ಬರೆದ ಕಾರ್ಡು ನಾನು ಎಷ್ಟು ಮಾಡಿದ್ದೇನೋ ದೇವರೇ ಬಲ್ಲ.

ಮೊದಮೊದಲು ಆನ್‌ಲೈನಿನಲ್ಲಿ ಗಂಡಸರಿಗೆಂದೇ ಮಾಡಿದ ರಬ್ಬರ್ ಮುದ್ರೆಗಳ ಒಂದು ಸೆಟ್ ತರಿಸಿದ್ದೆ. ಬಿಚ್ಚಿ ನೋಡಿದರೆ ಮೀಸೆ, ಟೈ, ಹೊಗೆ ಸೇದುವ ಪೈಪು, ಮೀನಿನ ಗಾಳ, ಬಿಯರಿನ ಮಗ್ಗು. ನಮ್ಮ ಮನೆತನದಲ್ಲಿ ಮೀನು ಹಿಡಿದವರು ಯಾರೂ ಇಲ್ಲ, ಹಿಡಿದಿದ್ದರೆ ಊಟದ ಪಂಕ್ತಿಯಿಂದ ಎಬ್ಬಿಸುತ್ತಿದ್ದರು. ಟೈ ಕಟ್ಟಿದವರು ನನ್ನ ಗಂಡ ಒಬ್ಬರೇ, ಅದೂ ಮದುವೆಯ ಆರತಕ್ಷತೆಯ ದಿನ, ಫೋಟೋ ಮುಗಿದ ಕೂಡಲೇ ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. ನನಗೆ ಸಿಟ್ಟು ಬಂತು. ಆ ಸೆಟ್ಟನ್ನು ಡಬ್ಬಿಗೆ ಹಾಕಿ ಮುಚ್ಚಿ, ದೊಡ್ಡ ದೊಡ್ಡ ಅಳಿಸುವ ರಬ್ಬರು ತಂದು ನಾನೇ ಕೆತ್ತಲು ಕೂತೆ. ತಕ್ಕಡಿ, ಹಳೇ ಮೊಪೆಡ್ಡು, ಊಟದ ಡಬ್ಬಿ, ಗಾಂಧಿ ಟೊಪ್ಪಿಗೆ, ಅಡಕೊತ್ತು, ಹಿಮ್ಮಡಿ ಸವೆದ ಕೊಲ್ಹಾಪುರಿ ಚಪ್ಪಲಿ. ಮೊದಲ ಪ್ರದರ್ಶನದಲ್ಲಿ ಒಬ್ಬ ಮರಾಠಿ ಹೆಣ್ಣುಮಗಳು ಚಪ್ಪಲಿಯ ಕಾರ್ಡು ಎತ್ತಿಕೊಂಡು "ಹೀ ತರ ಬಾಬಾಂಚೀಚ ಚಪ್ಪಲ್" ಅಂದಳು. ಅವಳ ಅಪ್ಪನದೇ ಚಪ್ಪಲಿಯಂತೆ. ನನ್ನ ಕೆಲಸ ಸರಿಯಾದ ದಾರಿಯಲ್ಲಿದೆ ಅಂತ ಅವತ್ತು ಅನ್ನಿಸಿತು.

ಗಂಡಸರ ಕಾರ್ಡಿಗೆ ನನ್ನದೇ ಕೆಲವು ಕಟ್ಟುಪಾಡುಗಳಿವೆ. ಹೂವಿಲ್ಲ, ರಿಬ್ಬನ್ನಿಲ್ಲ, ಮಿನುಗುವ ಪುಡಿ ಇಲ್ಲ. ದಪ್ಪ ಒರಟು ಕಾಗದ, ಕಪ್ಪು ಮಸಿ, ನೇರ ಗೆರೆ, ಖಾಲಿ ಜಾಗ ಹೆಚ್ಚು. ಮಸಿ ನೀರಿಗೆ ಕದಡದಂಥದ್ದಿರಬೇಕು. ಮುದ್ರೆ ಒತ್ತಿದ ಮೇಲೆ ಅದು ಪೂರಾ ಒಣಗುವ ತನಕ ಕೈಕಟ್ಟಿ ಕೂಡಬೇಕು, ಆಮೇಲೆ ಜಲವರ್ಣ. ಅವಸರ ಮಾಡಿದರೆ ಗೆರೆ ಬಣ್ಣಕ್ಕೆ ಇಳಿದು ಎಲ್ಲಾ ರಾಡಿ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೆಲ್ಲ ಹೇಳುತ್ತಾರೆ, ಆದರೆ ಮಸಿ ಒಣಗುವಾಗ ನನ್ನಷ್ಟು ತಾಳ್ಮೆ ಯಾರಿಗೂ ಇಲ್ಲ.

ಪುಣೆಯ ಬಿಬವೇವಾಡಿಯ ನಮ್ಮ ಮನೆಯಲ್ಲಿ ನಾವು ನಾಲ್ವರು: ಮಾವನವರು, ಅತ್ತೆ, ನನ್ನ ಗಂಡ, ನಾನು. ಗಂಡ ರಾಂಜಣಗಾಂವದ ಫ್ಯಾಕ್ಟರಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೇ. ಬಾಲ್ಕನಿಗೆ ಹತ್ತಿದ ಕೋಣೆಯಲ್ಲಿ ನನ್ನ ಮೇಜು. ಆ ಮೇಜಿನ ಸುತ್ತ ನನಗೂ ಅತ್ತೆಗೂ ಒಂದು ಜಗಳ ಮೊದಲಿಂದಲೂ ಇದೆ. ಶುಭಕಾರ್ಯದ ಕಾಗದ ಏನೇ ಇರಲಿ, ಅದರ ಮೂಲೆಗೆ ಅರಿಶಿಣ ಹಚ್ಚದೆ ಹೊರಗೆ ಕಳಿಸಬಾರದು ಅಂತ ಅವರು. ಒಮ್ಮೆ ಪ್ರದರ್ಶನಕ್ಕೆ ಅಂತ ಸಿದ್ಧಮಾಡಿ ಒಣಗಲು ಹರಡಿದ್ದ ಅಷ್ಟೂ ಕಾರ್ಡುಗಳ ನಾಲ್ಕು ಮೂಲೆಗೂ ಹಸಿ ಅರಿಶಿಣ ಒತ್ತಿಬಿಟ್ಟಿದ್ದರು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಅವತ್ತು ನಾನು ಏನೇನಂದೆನೋ ನನಗೇ ನೆನಪಿಲ್ಲ. ಅತ್ತೆ ಮಾತ್ರ ತಣ್ಣಗೆ, "ಅರಿಷಿಣ ಇಲ್ಲದ ಕಾಗದ ಯಾರ ಮನೀಗೂ ಹೋಗಬಾರದವಾ, ಇಷ್ಟ ನನಗ ಗೊತ್ತು" ಅಂದು ಒಳಗೆ ಹೋದರು. ಆಮೇಲೆ ಮೇಜಿನ ಹತ್ತಿರ ಸುಳಿಯಲಿಲ್ಲ.

ಇನ್ನು ಮಾವನವರ ಸಂಗತಿ. ಅವರದು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಂಗಡಿ ಇತ್ತು. ವಿಜಯಪುರದ ಕಡೆಯಿಂದ ಅಣ್ಣ ತಮ್ಮ ಇಬ್ಬರೂ ಮೀಸೆ ಮೂಡುವ ಮೊದಲೇ ಪುಣೆಗೆ ಬಂದವರು. ಅಣ್ಣ ಬೆಲ್ಲದ ವ್ಯಾಪಾರ ಹಿಡಿದರು, ತಮ್ಮ ಲೋಣಾವಳಾದಲ್ಲಿ ಚಿಕ್ಕಿ ಅಂಗಡಿ ಇಟ್ಟರು. ಈ ತಮ್ಮನನ್ನು ನಾವು ಸಣ್ಣ ಮಾವನವರು ಅನ್ನುತ್ತೇವೆ. ಅವರ ಚಿಕ್ಕಿಗೆ ಅಣ್ಣನ ಬೆಲ್ಲವೇ ಆಗಬೇಕು, ಅದನ್ನು ಒಡೆದು ನೋಡಿ ತೆಗೆದುಕೊಂಡವರೇ ಅಲ್ಲ. ಒಂದು ವರ್ಷ ಬೆಲ್ಲ ಕಪ್ಪು ಬಂತು. ಚಿಕ್ಕಿ ಸುಟ್ಟಂತೆ ಕಂಡು ಗಿರಾಕಿಗಳು ಮುಟ್ಟಲಿಲ್ಲ. ಸಣ್ಣ ಮಾವನವರು ಒಂದು ಇಡೀ ಪೆಂಟಿಯನ್ನು, ಅಂದರೆ ಬೆಲ್ಲದ ದೊಡ್ಡ ಗಟ್ಟಿಯನ್ನು, ಚೀಲಕ್ಕೆ ಹಾಕಿಕೊಂಡು ಲೋಕಲ್ ಗಾಡಿ ಹತ್ತಿ ಬಂದು, ಹಮಾಲರೆಲ್ಲ ನೋಡುತ್ತಿರುವಾಗ ಅಣ್ಣನ ಅಂಗಡಿಯ ಮುಂದೆ ಒಗೆದರು.

"ಇದು ಎಮ್ಮಿ ತಿನ್ನೋ ಬೆಲ್ಲ. ಮನಷ್ಯಾರಿಗೆ ಮಾರತೀಯೇನು?" ಅಂದರಂತೆ.

"ಬೆಲ್ಲ ಬಂಗಾರದಂಗ ಅದ. ನಿನ್ನ ಕಣ್ಣು ಕೆಟ್ಟಾವ. ಉರಿ ಹೆಚ್ಚು ಮಾಡಿ ಚಿಕ್ಕಿ ಸುಟ್ಟು ನನ್ನ ಮ್ಯಾಲೆ ಹಾಕಬ್ಯಾಡ" ಅಂತ ಇವರು.

ಅಷ್ಟೇ ಜಗಳ. ಆಸ್ತಿಯಲ್ಲ, ಪಾಲಲ್ಲ, ಹೆಂಗಸರ ಮಾತಲ್ಲ. ಆದರೆ ನಾಲ್ಕು ಮಂದಿಯ ಮುಂದೆ ಆದದ್ದರಿಂದ ಇಬ್ಬರಿಗೂ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ. ತಮ್ಮ ಬೇರೆ ಕಡೆ ಬೆಲ್ಲ ಕೊಳ್ಳತೊಡಗಿದರು. ಮಾತು ಬಂದ್ ಆಯಿತು, ಹೋಗಿಬರುವುದು ನಿಂತಿತು. ಆಮೇಲೆ ಮಾವನವರು ಅಂಗಡಿ ಬಿಟ್ಟರು, ಫೋನ್ ನಂಬರು ಬದಲಾಯಿತು, ಅದನ್ನು ತಮ್ಮನಿಗೆ ಯಾರೂ ತಿಳಿಸಲಿಲ್ಲ. ಏಳೆಂಟು ವರ್ಷ ಹಾಗೇ ಹೋದವು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮಾವನವರ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಕಪ್ಪು ಕನ್ನಡಕ ಬಿಟ್ಟ ಕೆಲವು ದಿನಗಳಿಗೆ ಒಂದು ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಅವರು ಆ ಕೋಣೆಗೆ ಬರುವವರೇ ಅಲ್ಲ.

"ಏನವಾ, ನೀ ಗಂಡಸರಿಗೂ ಕಾರ್ಡ್ ಮಾಡ್ತೀ ಅಲ್ಲಾ?"

"ಮಾಡ್ತೀನ್ರಿ ಮಾವಾರ. ಯಾರಿಗೆ ಬೇಕಾಗಿತ್ತ್ರಿ?"

"ಯಾರಿಗೋ ಒಬ್ಬಾವಗ. ಎಪ್ಪತ್ತು ತುಂಬತಾವ. ಹೂವು ಗೀವು ಹಾಕಬ್ಯಾಡ."

ಎಪ್ಪತ್ತು ತುಂಬುವ ಆ ಒಬ್ಬ ಯಾರು ಅಂತ ನನಗೆ ಗೊತ್ತಾಗದೆ ಏನು? ಆದರೂ ಕೇಳಬೇಕಾದ್ದನ್ನು ಕೇಳಿದೆ. "ಅವರಿಗೆ ಏನು ಸೇರತದ್ರಿ?"

"ಬೆಲ್ಲ" ಅಂದರು, ಒಂದು ಗಳಿಗೆಯೂ ತಡಮಾಡದೆ. "ಸಣ್ಣಾಂವ ಇದ್ದಾಗ ಗಾಣದ ಮನ್ಯಾಗ ಬಿಸಿ ಬೆಲ್ಲ ಅಂಗೈಯಾಗ ಹಿಡಕೊಂಡು ಓಡತಿದ್ದ. ಕೈ ಸುಟ್ಟರೂ ಬಿಡತಿರಲಿಲ್ಲ. ನಾ ಹಿಂದ ಊದಕೋತ ಓಡಬೇಕು."

ಗಂಡಸಿಗೆ ಏನು ಇಷ್ಟ ಅಂತ ಕೇಳಿ ನಾನು ಇಷ್ಟು ನೇರವಾದ ಉತ್ತರ ಯಾರಿಂದಲೂ ಪಡೆದಿರಲಿಲ್ಲ. ಅವತ್ತೇ ರಬ್ಬರಿನ ಮೇಲೆ ಒಂದು ಪೆಂಟಿ ಕೆತ್ತಿದೆ. ಮೇಲೆ ಚಪ್ಪಟೆ, ಕೆಳಗೆ ಉರುಟು, ಒಂದು ಬದಿಯಲ್ಲಿ ಚೂರು ಒಡೆದಂತೆ. ಮಾವನವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಮುದ್ರೆ ಒತ್ತಿದ ಕೂಡಲೇ ಬೆರಳು ಚಾಚಿ ಮುಟ್ಟಿದರು, ಮಸಿ ಬಳಿದುಹೋಯಿತು. ಇನ್ನೊಂದು ಒತ್ತಿದೆ.

"ಕೈ ಹಿಂದ ಕಟ್ಟಿಕೊಂಡು ಕೂಡ್ರಿ ಮಾವಾರ. ಒಣಗಬೇಕದು."

"ಬೆಲ್ಲ ಆರೂದಕ್ಕೂ ಇಷ್ಟು ಹೊತ್ತು ಹತ್ತೂದಿಲ್ಲ" ಅಂತ ಗೊಣಗಿದರು, ಆದರೆ ಕೈ ಕಟ್ಟಿಕೊಂಡರು.

ಮಸಿ ಒಣಗಿದ ಮೇಲೆ ಬಣ್ಣಕ್ಕೆ ಇಳಿದೆ. ಬೆಲ್ಲ ಅಂದರೆ ನನ್ನ ಲೆಕ್ಕದಲ್ಲಿ ಜೇನಿನ ಬಣ್ಣ. ಹಳದಿಗೆ ಒಂದಿಷ್ಟು ಕಾವಿ ಬೆರೆಸಿ, ನೀರು ಧಾರಾಳ ಬಿಟ್ಟು ಹಚ್ಚಿದೆ. ಒಂದು ಬದಿಗೆ ಬಿಳಿ ಹಾಗೇ ಉಳಿಸಿ ಹೊಳಪು ತೋರಿಸಿದೆ. ಚೆಂದ ಬಂದಿತ್ತು, ನಾನೇ ಹೇಳುತ್ತೇನೆ.

ಮಾವನವರು ಬಗ್ಗಿ ನೋಡಿದರು. "ಇದು ಬಂಗಾರದಂಗ ಅದ."

"ಹೌದಲ್ರಿ ಮತ್ತ?"

"ಇಷ್ಟು ಚೊಲೋ ಇರಲಿಲ್ಲ. ಕಾವಿ ಹಚ್ಚು."

ಹಚ್ಚಿದೆ. ಇನ್ನೊಂಚೂರು ಅಂದರು. ಇನ್ನೊಂಚೂರು ಹಚ್ಚಿದೆ. ಮತ್ತೊಮ್ಮೆ ಅಂದಾಗ ನನಗೆ ತಡೆಯಲಾಗಲಿಲ್ಲ. ಚಿತ್ರವನ್ನು ಕೆಡಿಸಲು ಪಕ್ಕದಲ್ಲಿ ಕೂತು ಹೇಳಿಕೊಡುವವರು ಯಾಕೆ ಬೇಕು, ಅದನ್ನು ನಾನೊಬ್ಬಳೇ ಮಾಡಬಲ್ಲೆ. "ಇನ್ನ ಹಚ್ಚಿದ್ರ ಕಪ್ಪಾಗತದ್ರಿ" ಅಂದೆ, ಸ್ವಲ್ಪ ಜೋರಾಗಿಯೇ.

"ಆಗಲಿ. ಅವತ್ತಿನ ಬೆಲ್ಲ ಕಪ್ಪಗೇ ಇತ್ತು."

ಅವರು ನನ್ನ ಕಡೆ ನೋಡದೆ, ಬಾಲ್ಕನಿಯ ಕಡೆ ಮುಖಮಾಡಿ ಹೇಳುತ್ತಾ ಹೋದರು. "ಪೊರಿ ತಗಸಿದ ಮ್ಯಾಲೆ ಗೊತ್ತಾತು. ಆವಾಗ ನನಗ ಎಲ್ಲಾನೂ ಹಳದೀನ ಕಾಣತಿತ್ತು. ಕೆಂಪು ಯಾವುದು, ಕರೇದು ಯಾವುದು, ಒಂದೂ ತಿಳೀತಿರಲಿಲ್ಲ. ವಯಸ್ಸಾತು ಅಂತ ಸುಮ್ಮನಿದ್ದೆ. ಅವನ ಕಣ್ಣು ಕೆಟ್ಟಾವ ಅಂದೆ ನೋಡು. ಕೆಟ್ಟಿದ್ದು ನನ್ನವು."

ನಾನು ಕಾವಿಗೆ ಒಂದು ಹನಿ ಕಪ್ಪು ಬೆರೆಸಿ ಮತ್ತೊಂದು ಪದರ ಹಚ್ಚಿದೆ. ಬೆಲ್ಲ ಎಮ್ಮೆಯ ಬೆನ್ನಿನ ಹಾಗೆ ಆಯಿತು. "ಹಾಂ, ಇದು" ಅಂದರು. ಒಳಗೆ ಏನು ಬರೆಯಲಿ ಅಂತ ಕೇಳಿದರೆ, "ಏನೂ ಬ್ಯಾಡ, ಅವಗ ತಿಳೀತದ" ಅಂದು ಎದ್ದು ಹೋದರು. ಈ ಮನುಷ್ಯನಿಗೆ ತಮ್ಮ ಬೇಕಾಗಿದ್ದಾನೆ, ಬಾ ಅನ್ನಲು ಬಾಯಿಲ್ಲ. ಅವರ ಬಾಯಿಯ ಕೆಲಸವನ್ನು ಅಂಗೈಯಗಲದ ಈ ಕಾಗದ ಮಾಡಬೇಕು.

ಮರುದಿನ ಬೆಳಿಗ್ಗೆ ಲಕೋಟೆಗೆ ಹಾಕೋಣವೆಂದು ನೋಡಿದರೆ, ಕಾರ್ಡಿನ ಮೇಲಿನ ಬಲಮೂಲೆಯಲ್ಲಿ ಒಂದು ಹಳದಿ ಬೊಟ್ಟು. ಅರಿಶಿಣ. ನಾಲ್ಕು ಮೂಲೆಗಲ್ಲ, ಒಂದಕ್ಕೇ, ಅದೂ ಕಿರುಬೆರಳಲ್ಲಿ ಒತ್ತಿದ್ದು. ಮೈದುನನ ಕಾರ್ಡು ಅಂತ ಅತ್ತೆಗೆ ತಡೆಯಲಾಗಿಲ್ಲ, ನನಗೆ ಹೆದರಿ ಇಷ್ಟಕ್ಕೇ ಬಿಟ್ಟಿದ್ದಾರೆ. ಈಗ ಹೇಳುವಾಗ ಪಾಪ ಅನ್ನಿಸುತ್ತದೆ, ಆಗ ಮೈ ಉರಿಯಿತು. ಇಡೀ ಕಾರ್ಡಿನಲ್ಲಿ ಇರುವುದು ಒಂದೇ ಬಣ್ಣ, ಕಪ್ಪುಗೆಂಪು. ಅದರ ನೆತ್ತಿಯ ಮೇಲೆ ಈ ಹಳದಿ. ಹೊಸದಾಗಿ ಮಾಡೋಣವೆಂದರೆ ಆ ಬಣ್ಣ ಮತ್ತೆ ಬರುವ ಭರವಸೆಯಿಲ್ಲ, ಮಾವನವರನ್ನು ಮತ್ತೆ ಕೂರಿಸಿ ಆ ಮಾತೆಲ್ಲ ಆಡಿಸುವ ಧೈರ್ಯವೂ ಇಲ್ಲ. ಕತ್ತರಿ ತೆಗೆದುಕೊಂಡು ಆ ಮೂಲೆಯನ್ನು ಓರೆಯಾಗಿ ಕತ್ತರಿಸಿಬಿಟ್ಟೆ. ದೂರ ಹಿಡಿದು ನೋಡಿದೆ. ಒಂದು ಮೂಲೆ ಓರೆಯಾದದ್ದೇ ಕಾರ್ಡಿಗೆ ಒಂದು ಗತ್ತು ಬಂದಿತ್ತು. ಗಂಡಸರ ಕಾರ್ಡು ಅಂದರೆ ಹೀಗಿರಬೇಕು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬೂದು ಲಕೋಟೆಗೆ ಹಾಕಿ, ನಮ್ಮ ವಿಳಾಸವನ್ನೂ ಬರೆದು, ಮಾವನವರಿಗೆ ತೋರಿಸಲೂ ನಿಲ್ಲದೆ ಅಂಚೆಗೆ ಹಾಕಿ ಬಂದೆ.

ಸಣ್ಣ ಮಾವನವರ ಹುಟ್ಟಿದ ಹಬ್ಬ ಭಾನುವಾರವಿತ್ತು. ಮಾವನವರು ಬೆಳಿಗ್ಗೆಯೇ ಗಡ್ಡ ಕೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಲಿಫ್ಟಿನ ಸದ್ದಾದಾಗಲೆಲ್ಲ ಪೇಪರು ಇಳಿಸುತ್ತಿದ್ದರು. ಲಿಫ್ಟು ಬೇರೆಯವರನ್ನು ಇಳಿಸಿ ಹೋಗುತ್ತಿತ್ತು. ಊಟವನ್ನೂ ಅಲ್ಲೇ ತರಿಸಿಕೊಂಡರು. ಸಂಜೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾ, "ನನ್ನ ಹೆಣಾ ಬಿದ್ದರೂ ಅಂವ ಬರೂದಿಲ್ಲ" ಅಂದರು.

"ಬಿಡ್ತು ಅನ್ರಿ" ಅಂದರು ಅತ್ತೆ. ಅವರು ಅನ್ನಲಿಲ್ಲ.

ನನ್ನ ಕಾರ್ಡಿಗೆ ಇಷ್ಟು ಮಾಡಲಾಗಲಿಲ್ಲವಲ್ಲ ಅಂತ ನನಗೆ ಆ ಮೇಜಿನ ಕಡೆ ಹೋಗುವುದೇ ಬೇಡವಾಯಿತು.

ಸೋಮವಾರ ಹನ್ನೊಂದರ ಸುಮಾರಿಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಸಣ್ಣ ಮಾವನವರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಚೆಂಡು ಹೂವಿನ ದೊಡ್ಡ ಮಾಲೆ. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಕಾರ್ಡು ಕೆಲಸ ಮಾಡಿದೆ ಅಂದುಕೊಂಡು, "ಬರ್ರಿ, ಬರ್ರಿ" ಅಂತ ನಗುನಗುತ್ತಾ ಬಾಗಿಲು ಪೂರಾ ತೆರೆದೆ. ಅವರು ನನ್ನ ನಗುವನ್ನು ವಿಚಿತ್ರವಾಗಿ ನೋಡಿ ಒಳಗೆ ಕಾಲಿಟ್ಟರು.

ಮಾವನವರು ಕುರ್ಚಿಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ತಮ್ಮನನ್ನು ನೋಡಿದರು, ಮಾಲೆಯನ್ನು ನೋಡಿದರು. ಏನೂ ಆಗದವರ ಹಾಗೆ, "ಮಾಲಿ ನನಗ್ಯಾಕೋ? ಹುಟ್ಟಿದ ಹಬ್ಬ ನಿಂದು" ಅಂದರು.

ಸಣ್ಣ ಮಾವನವರು ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆಯೇ ಕುಸಿದು ಕೂತರು. ಚೀಲ ಕೈಯಿಂದ ಜಾರಿತು. ಆಮೇಲೆ ಸಣ್ಣ ಹುಡುಗರ ಹಾಗೆ ಅಳತೊಡಗಿದರು. ಅತ್ತೆ ಓಡಿಬಂದು ನೀರು ಕೊಟ್ಟರು. ನಾಲ್ಕು ಗುಟುಕು ಕುಡಿದ ಮೇಲೆ ಅವರ ಬಾಯಿಂದ ಮಾತು ಬಂತು.

"ನೀ ಹೋದಿ ಅಂತ ಕಾಗದ ಬಂದದಲ್ಲೋ ಅಣ್ಣಾ."

ಜೇಬಿನಿಂದ ಬೂದು ಲಕೋಟೆ ತೆಗೆದು ಮುಂದೆ ಚಾಚಿದರು. ಅದರಿಂದ ನನ್ನ ಕಾರ್ಡಿನ ಕತ್ತರಿಸಿದ ಮೂಲೆ ಇಣುಕುತ್ತಿತ್ತು. ಅದನ್ನು ನೋಡಿದ್ದೇ ನನಗೆ ನೆನಪಾಯಿತು. ನಾನು ಲಂಗ ಹಾಕುವ ವಯಸ್ಸಿನಲ್ಲಿ ನಮ್ಮ ಮನೆಗೂ ಅಂಥ ಕಾರ್ಡು ಬಂದದ್ದುಂಟು. ಸಾವಿನ ಸುದ್ದಿ ಬರೆದರೆ ಒಂದು ಮೂಲೆ ಹರಿದು ಕಳಿಸುತ್ತಿದ್ದರು, ಅರಿಶಿಣ ಹಚ್ಚುತ್ತಿರಲಿಲ್ಲ. ಮೂಲೆ ನೋಡಿದ ಕೂಡಲೇ ಹೊಸ್ತಿಲ ಹೊರಗೇ ನಿಂತು ಓದಿ ಹರಿದು ಹಾಕಿ, ತಲೆಯ ಮೇಲೆ ನೀರು ಸುರಿದುಕೊಂಡೇ ಒಳಗೆ ಬರುವುದು. ಎಲ್ಲಾ ಗೊತ್ತಿತ್ತು ನನಗೆ. ಕೈಯಲ್ಲಿ ಕತ್ತರಿ ಇದ್ದಾಗ ಒಂದೂ ನೆನಪಾಗಲಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವಾಗ ಅಂಚೆಯವನು ಕೊಟ್ಟಿದ್ದಾನೆ. ಇವರು ಲಕೋಟೆಯ ಮೇಲೆ ಅಣ್ಣನ ವಿಳಾಸ ನೋಡಿ ಅರ್ಧ ಎಳೆದಿದ್ದಾರೆ, ಮೂಲೆ ಕಂಡಿದೆ, ಕಪ್ಪು ಕಂಡಿದೆ, ಮುಂದೆ ನೋಡದೆ ಒಳಗೆ ತಳ್ಳಿದ್ದಾರೆ. ನನ್ನ ಗಂಡನಿಗೆ ಫೋನ್ ಮಾಡಿದ್ದಾರೆ. ಫ್ಯಾಕ್ಟರಿಯಲ್ಲಿ ಫೋನು ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು, ಯಾರು ಎತ್ತುತ್ತಾರೆ? ಅದು ಇನ್ನೂ ಗಟ್ಟಿ ಸಾಕ್ಷಿಯಾಗಿದೆ.

"ಈಗಿನ ಕಾಲದಾಗ ಯಾರು ಕಾಗದ ಬರೀತಾರೋ? ಒಂದು ಫೋನ್ ಬರೂದಿಲ್ಲೇನು ಅಂತ ನಿನಗ ಅನಸಲಿಲ್ಲಾ?" ಅಂತ ಮಾವನವರು ಕೇಳಿದರು.

"ಅನಸ್ತು. ನೀನ ಹೇಳಿ ಹೋಗಿರ್ತಿ ಅಂದಕೊಂಡೆ, ಅವಗ ಮಾತ್ರ ಫೋನ್ ಮಾಡಬ್ಯಾಡ್ರಿ ಅಂತ."

ಮಾವನವರ ಮುಖ ಬಿಗಿಯಿತು. ಈಗ ಸಿಡಿಯುತ್ತಾರೆ ಅಂದುಕೊಂಡೆ. ಅವರು ಅವಲಕ್ಕಿಯ ತಾಟು ಕೆಳಗಿಟ್ಟರು, ಕೈ ಒರೆಸಿಕೊಂಡರು. "ಹೆಣಾ ಬಿದ್ದರ ಬರತಿದ್ದಿ ಹಂಗಾರ" ಅಂದರು. ಸಿಟ್ಟಿನಿಂದಲ್ಲ. ನಿನ್ನೆ ಸಂಜೆಯಿಂದ ಮನಸ್ಸಿನಲ್ಲಿದ್ದ ಒಂದು ಸಂಶಯ ಪರಿಹಾರವಾದವರ ದನಿಯಲ್ಲಿ.

"ಬಿಡ್ತು ಅನ್ರೀ" ಅಂತ ಅತ್ತೆ ಈ ಸಲ ಗದರಿದರು. ಇಬ್ಬರೂ ಒಟ್ಟಿಗೇ ಬಿಡ್ತು ಅಂದರು.

ಆಮೇಲೆ ಸಣ್ಣ ಮಾವನವರಿಗೆ ನೆನಪಾಯಿತು, ಹೆಂಡತಿಗೆ, ಅಂದರೆ ನಮ್ಮ ಸಣ್ಣತ್ತೆಗೆ, ಮುಂದಿನ ಗಾಡಿಗೆ ಬಾ ಅಂತ ಹೇಳಿ ಬಂದಿದ್ದಾರೆ. ಅವಸರದಿಂದ ಫೋನ್ ಮಾಡಿದರೆ ಅವರು ಚಿಂಚವಾಡ ದಾಟಿ ಅಳುತ್ತಾ ಬರುತ್ತಿದ್ದರು. ಮಾವನವರೇ ಫೋನ್ ಇಸಿದುಕೊಂಡು "ನಾನ ಮಾತಾಡಾಕತ್ತೀನಿ, ಅಳಬ್ಯಾಡ, ಊಟಕ್ಕ ಬಾ" ಅಂದರು.

ಇಷ್ಟೆಲ್ಲ ಆಗುವಾಗ ಅತ್ತೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ತಿರುಗಿ ಆಡಬಹುದಿತ್ತು. ಸುಮ್ಮನೆ ನನ್ನ ಕಡೆ ನೋಡಿ ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟರು. ಕಾರ್ಡು ಚೆಂದ ಬಂದಿತ್ತು ಅಂತ ನಾನು ಈಗಲೂ ಹೇಳುತ್ತೇನೆ. ಓರೆ ಮೂಲೆ ಮಾತ್ರ ಅವತ್ತಿನಿಂದ ಯಾವ ಕಾರ್ಡಿಗೂ ಮಾಡಿಲ್ಲ.

ಸಣ್ಣ ಮಾವನವರು ಮುಖ ತೊಳೆದು ಬಂದು ಕಾರ್ಡನ್ನು ನನ್ನ ಕೈಗೆ ಕೊಟ್ಟರು. "ಇದನ್ನ ಮನೀಗೆ ಒಯ್ಯಬೇಕವಾ ನಾ. ಹಿಂಗ ಒಯ್ಯಾಕ ಬರೂದಿಲ್ಲ. ಆ ಮೂಲಿ ಅದ ಏನು?"

ಮೇಜಿನ ಕೆಳಗಿನ ಕಾಗದದ ಬುಟ್ಟಿಯನ್ನು ನೆಲದ ಮೇಲೆ ಸುರುವಿ ಹುಡುಕಿದೆ. ಚೂರುಪಾರುಗಳ ನಡುವೆ ಅದು ಸಿಕ್ಕಿತು, ಅರಿಶಿಣದ ಬೊಟ್ಟು ಹಾಗೇ ಇತ್ತು. ಹಿಂದಿನಿಂದ ತೆಳು ಕಾಗದ ಕೊಟ್ಟು, ಗೋಂದು ಹಚ್ಚಿ, ಮೂಲೆ ಕೂಡಿಸಿ ಒತ್ತಿ ಹಿಡಿದೆ. ಅಣ್ಣ ತಮ್ಮ ಇಬ್ಬರೂ ನನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದರು. ಒಣಗುವ ತನಕ ಯಾರೂ ಮುಟ್ಟಲಿಲ್ಲ.

ಒಣಗಿದ ಮೇಲೆ ಸಣ್ಣ ಮಾವನವರು ಕನ್ನಡಕ ಹಾಕಿಕೊಂಡು ಬಾಲ್ಕನಿಯ ಬೆಳಕಿಗೆ ಹೋದರು. ಚಿತ್ರವನ್ನು ಅವರು ಸರಿಯಾಗಿ ನೋಡಿದ್ದು ಅವಾಗಲೇ. ಪೆಂಟಿ ನೋಡಿದರು, ಒಡೆದ ಬದಿ ನೋಡಿದರು, ಬಣ್ಣ ನೋಡಿದರು. ತಿರುಗಿ ಅಣ್ಣನನ್ನು ನೋಡಿದರು. ಒಳಗೆ ಏನೂ ಬರೆದಿರಲಿಲ್ಲ, ತೆರೆದು ನೋಡಲೂ ಇಲ್ಲ.

"ಇಷ್ಟು ಕಪ್ಪಿರಲಿಲ್ಲೋ ಅಣ್ಣಾ" ಅಂದರು.

"ಇತ್ತು" ಅಂದರು ಮಾವನವರು.

"ಇರಲಿಲ್ಲ ಅಂತೀನಿ."

"ನಾ ನೋಡೀನಿ ಈಗ. ಇತ್ತು."

ಅ‌ತ್ತೆ ಚಹಾದ ಬಸಿಗಳನ್ನು ನನ್ನ ಮೇಜಿನ ಮೇಲೆಯೇ, ಬಣ್ಣದ ಡಬ್ಬಿಗಳ ನಡುವೆ ಜಾಗ ಮಾಡಿ ಇಟ್ಟರು. "ಬೆಲ್ಲದ ಚಹಾ ಅದ, ಆರತದ. ಕುಡದು ಜಗಳಾಡ್ರಿ" ಅಂದರು.